ಬಿಲ್ಲು ಕೊಟ್ಟು ತಂದ ದುಡ್ಡು, ಗಿರಾಕಿ ಕೊಟ್ಟ ದುಡ್ಡಲ್ಲ

ಬ್ಯಾಂಕ್ ಖಾತೆಗೆ ಬಂದ ದುಡ್ಡೆಲ್ಲ ವ್ಯಾಪಾರದ ದುಡ್ಡಲ್ಲ. ಇದು ಕಿರ್ದಿ ಬರೆಯುತ್ತಿದ್ದ ಹಳೆಯ ಗುಮಾಸ್ತರಿಗೆ ಗೊತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಈ ಮಾತು ಸ್ವಲ್ಪ ಮರೆತಂತಾಗಿದೆ. ಗಿರಾಕಿ ಹಣ ಕೊಡುವ ಮೊದಲೇ ಅವರ ಹೆಸರಿನ ಬಿಲ್ಲನ್ನು ಫೈನಾನ್ಸ್ ಕಂಪನಿಗೆ ಒಪ್ಪಿಸಿ ಹಣ ತರುವ ವ್ಯವಸ್ಥೆಗೆ ಫ್ಯಾಕ್ಟರಿಂಗ್ ಎನ್ನುತ್ತಾರೆ. ಹೀಗೆ ಬಂದ ಹಣವನ್ನು ಸಣ್ಣ ಕಾರ್ಖಾನೆಗಳ ಲೆಕ್ಕದಲ್ಲಿ 'ಗಿರಾಕಿಯಿಂದ ಬಂತು' ಎಂದು ಬರೆದುಬಿಡುವ ರೂಢಿ ಇದೆ. ಅಲ್ಲಿಗೆ ಒಂದು ಸಾಲ ಪುಸ್ತಕದಿಂದ ಮಾಯವಾಗುತ್ತದೆ. ನಿಜದಲ್ಲಿ ಮಾತ್ರ ಅದು ಎಲ್ಲಿಗೂ ಹೋಗಿರುವುದಿಲ್ಲ.

ಫ್ಯಾಕ್ಟರಿಂಗ್ ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ಮೂರು ತಿಂಗಳು ಕಾಯಿಸುವ ದೊಡ್ಡ ಗಿರಾಕಿ, ಶನಿವಾರ ಬಟವಾಡೆ ಕೇಳುವ ಕೆಲಸಗಾರ, ಇವರಿಬ್ಬರ ನಡುವೆ ಸಿಕ್ಕ ಸಣ್ಣ ಮಾಲೀಕರಿಗೆ ಅದು ಬೇಕಾದ ದಾರಿಯೇ. ನಮ್ಮ ತಕರಾರು ಇರುವುದು ಆ ಹಣ ಬಂದ ದಿನ ಬೀಳುವ ಎಂಟ್ರಿಯ ಬಗ್ಗೆ. ಆ ಎಂಟ್ರಿ ತಪ್ಪಾದರೆ ಲೆಕ್ಕ ಮೊದಲು ಮೋಸ ಮಾಡುವುದು ತೆರಿಗೆ ಇಲಾಖೆಗಲ್ಲ, ಬ್ಯಾಂಕಿಗಲ್ಲ, ಮಾಲೀಕರಿಗೇ.

ಸ್ಟ್ರಿಂಗರ್‌ಗಳಿಗೆ ಈ ಉಸಾಬರಿ ಯಾಕೆ ಎಂದು ಕೇಳಬಹುದು. ಜಿಲ್ಲಾ ಪುಟಗಳಲ್ಲಿ ಸಣ್ಣ ಕೈಗಾರಿಕೆ ಎಂದರೆ ಸಾಲ ಮೇಳ, ಕಾರ್ಯಾಗಾರದ ಉದ್ಘಾಟನೆ, ದೀಪ ಬೆಳಗಿಸುತ್ತಿರುವ ಗಣ್ಯರ ಫೋಟೊ. ಶೆಡ್ ಬಾಗಿಲು ಮುಚ್ಚಿದಾಗ ಮತ್ತೊಂದು ಸುದ್ದಿ. ನಡುವಿನ ಕಥೆ, ಅಂದರೆ ಲೆಕ್ಕದ ಪುಸ್ತಕದ ಕಥೆ, ನಮ್ಮ ಯಾವ ಪುಟಕ್ಕೂ ಬರುವುದಿಲ್ಲ. ಇನ್ನೊಂದು ಮಾತೂ ಇದೆ. ಕಳಿಸಿದ ಸುದ್ದಿಗೆ ಸಂಭಾವನೆ ಯಾವಾಗ ಬರುತ್ತದೆಂದು ಕಾಯುವ ಜನ ನಾವು. ಮಾಡಿದ ಕೆಲಸಕ್ಕೂ ಕೈಗೆ ಬರುವ ಕಾಸಿಗೂ ನಡುವೆ ಇರುವ ದೂರ ಎಷ್ಟು ಭಾರ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೊಸ ಹೆಸರು, ಹಳೆಯ ಪದ್ಧತಿ

ಹುಂಡಿ ವಟಾಯಿಸುವುದು ನಮ್ಮ ಪೇಟೆಗಳಿಗೆ ಹೊಸದಲ್ಲ. ಮೂರು ತಿಂಗಳ ಮೇಲೆ ಬರುವ ಹಣದ ಕಾಗದವನ್ನು ಸಾಹುಕಾರರಿಗೆ ಕೊಟ್ಟು, ಸ್ವಲ್ಪ ಮುರಿದುಕೊಂಡು ಉಳಿದದ್ದನ್ನು ಇವತ್ತೇ ತರುವುದು. ಫ್ಯಾಕ್ಟರಿಂಗ್ ಅದರ ತಮ್ಮ. ರಿಸರ್ವ್ ಬ್ಯಾಂಕ್ 1988ರಲ್ಲಿ ಕಲ್ಯಾಣಸುಂದರಂ ಅವರ ನೇತೃತ್ವದಲ್ಲಿ ಅಧ್ಯಯನ ತಂಡ ನೇಮಿಸಿತು. ಅದರ ವರದಿಯ ನಂತರ 1991ರಲ್ಲಿ ಎಸ್‌ಬಿಐ ಮತ್ತು ಕೆನರಾ ಬ್ಯಾಂಕುಗಳು ತಮ್ಮ ಫ್ಯಾಕ್ಟರಿಂಗ್ ಕಂಪನಿಗಳನ್ನು ತೆರೆದವು. ಕೆನರಾ ಬ್ಯಾಂಕಿನ ಕಂಪನಿ ಕ್ಯಾನ್‌ಬ್ಯಾಂಕ್ ಫ್ಯಾಕ್ಟರ್ಸ್ ನೆಲೆ ನಿಂತದ್ದು ಬೆಂಗಳೂರಿನಲ್ಲೇ. 2011ರಲ್ಲಿ ಫ್ಯಾಕ್ಟರಿಂಗ್‌ಗೆಂದೇ ಕಾಯ್ದೆ ಬಂತು, 2021ರಲ್ಲಿ ತಿದ್ದುಪಡಿಯಾಗಿ ಇನ್ನಷ್ಟು ಫೈನಾನ್ಸ್ ಕಂಪನಿಗಳಿಗೆ ಬಾಗಿಲು ತೆರೆಯಿತು.

ಜೊತೆಗೆ ಟ್ರೆಡ್ಸ್ ಎಂಬ ಆನ್‌ಲೈನ್ ವೇದಿಕೆ ಇದೆ. ರಿಸರ್ವ್ ಬ್ಯಾಂಕ್ 2014ರಲ್ಲಿ ಅದರ ಮಾರ್ಗಸೂಚಿ ಹೊರಡಿಸಿತು, 2017ರಿಂದ ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್ ಎಂಬ ವೇದಿಕೆಗಳು ನಡೆಯುತ್ತಿವೆ. ಸಣ್ಣ ಘಟಕದ ಬಿಲ್ಲನ್ನು ಗಿರಾಕಿ ಕಂಪನಿ ಅಲ್ಲಿ ಒಪ್ಪಿಕೊಳ್ಳುತ್ತದೆ. ಬ್ಯಾಂಕುಗಳು ಬಡ್ಡಿ ದರ ಕೂಗುತ್ತವೆ. ಎಪಿಎಂಸಿಯಲ್ಲಿ ಒಣಮೆಣಸಿನಕಾಯಿ ಸವಾಲು ನಡೆದಂತೆ, ಆದರೆ ಇಲ್ಲಿ ಕಡಿಮೆ ಕೂಗಿದವರಿಗೆ ಬಿಲ್ಲು. 2024ರ ನವೆಂಬರ್ ಅಧಿಸೂಚನೆಯ ಪ್ರಕಾರ 250 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟಿರುವ ಕಂಪನಿಗಳು ಈ ವೇದಿಕೆಗೆ ಸೇರಲೇಬೇಕು. ಮೊದಲು ಆ ಮಿತಿ 500 ಕೋಟಿ ಇತ್ತು.

ಕಾನೂನು ಹೇಳುವುದೇನೋ ಚೆನ್ನಾಗಿಯೇ ಇದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಂತೆ ಅತಿ ಸಣ್ಣ ಮತ್ತು ಸಣ್ಣ ಘಟಕಗಳಿಗೆ ಗರಿಷ್ಠ 45 ದಿನದಲ್ಲಿ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಮುಂದಿನ ಆರ್ಡರ್ ಕೊಡಬೇಕಾದವರ ಮೇಲೆ ದೂರು ಬರೆಯುವವರು ಯಾರು? ಹೀಗಾಗಿ 90 ದಿನ ಎಂಬುದು ಹಲವು ಕಡೆ ಬಾಯಿಮಾತಿನ ಕಾನೂನಾಗಿ ನಿಂತಿದೆ. ಆ ದಿನಗಳನ್ನು ದಾಟಲು ಫ್ಯಾಕ್ಟರಿಂಗ್ ದೋಣಿ. ದೋಣಿಗೆ ಬಾಡಿಗೆ ಇದೆ, ದೋಣಿ ಮಗುಚಿದರೆ ಯಾರು ಹೊಣೆ ಎಂಬ ಕರಾರೂ ಇದೆ. ಲೆಕ್ಕದಲ್ಲಿ ಕಾಣಬೇಕಾದದ್ದು ಈ ಎರಡೂ.

ಮೊದಲು ಕೇಳಬೇಕಾದ ಒಂದೇ ಪ್ರಶ್ನೆ

ಫ್ಯಾಕ್ಟರಿಂಗ್‌ನಲ್ಲಿ ಎರಡು ಬಗೆ. ಗಿರಾಕಿ ಹಣ ಕೊಡದಿದ್ದರೆ ಫೈನಾನ್ಸ್ ಕಂಪನಿ ನಿಮ್ಮ ಹತ್ತಿರ ವಾಪಸ್ ಬರುತ್ತದೆ ಎಂದಿದ್ದರೆ ಅದು ರಿಕೋರ್ಸ್ ಇರುವ ಕರಾರು. ವಾಪಸ್ ಬರುವುದಿಲ್ಲ, ನಷ್ಟವಾದರೆ ಅವರದೇ ಎಂದಿದ್ದರೆ ರಿಕೋರ್ಸ್ ಇಲ್ಲದ್ದು. ಹೆಸರು ಏನೇ ಇರಲಿ, ಮೊದಲನೆಯದು ಬಿಲ್ಲನ್ನು ಒತ್ತೆ ಇಟ್ಟು ತಂದ ಸಾಲ. ಎರಡನೆಯದು ಬಿಲ್ಲಿನ ಮಾರಾಟ. ಟ್ರೆಡ್ಸ್ ವೇದಿಕೆಯಲ್ಲಿ ನಡೆಯುವುದು ರಿಕೋರ್ಸ್ ಇಲ್ಲದ ವ್ಯವಹಾರ ಎಂದು ರಿಸರ್ವ್ ಬ್ಯಾಂಕಿನ ಮಾರ್ಗಸೂಚಿಯೇ ಹೇಳುತ್ತದೆ. ಹೊರಗೆ ನೇರವಾಗಿ ಮಾಡಿಕೊಂಡ ಕರಾರಿನಲ್ಲಿ ಏನಿದೆ ಎಂಬುದನ್ನು ಓದಿಯೇ ತಿಳಿಯಬೇಕು. ಗಿರಾಕಿ ದಿವಾಳಿಯಾದರೆ ಮಾತ್ರ ನಷ್ಟ ನಮ್ಮದು, ಮಾಲು ಸರಿಯಿಲ್ಲ ಎಂದು ಗಿರಾಕಿ ತಕರಾರು ತೆಗೆದರೆ ನೀವೇ ತುಂಬಬೇಕು ಎಂಬ ಸಾಲು ಒಳಗೆಲ್ಲೋ ಕೂತಿರಬಹುದು.

ಒತ್ತೆ ಇಟ್ಟ ಬಂಗಾರವನ್ನು ಮಾರಿದ ಬಂಗಾರ ಎಂದು ಮನೆಯಲ್ಲಿ ಯಾರೂ ಲೆಕ್ಕ ಹಾಕುವುದಿಲ್ಲ. ಬಿಲ್ಲಿನ ವಿಷಯದಲ್ಲಿ ಮಾತ್ರ ಅದು ನಡೆಯುತ್ತದೆ. ಯಾಕೆಂದರೆ ಕರಾರು ಪತ್ರ ಇರುವುದು ಮಾಲೀಕರ ಕಪಾಟಿನಲ್ಲಿ, ಬ್ಯಾಂಕ್ ಸ್ಟೇಟ್‌ಮೆಂಟ್ ಇರುವುದು ಲೆಕ್ಕ ಬರೆಯುವವರ ಮೇಜಿನ ಮೇಲೆ. ಎರಡೂ ಮುಖಾಮುಖಿ ಆಗುವುದೇ ಇಲ್ಲ.

ಬೆಳಗಾವಿಯ ಉದ್ಯಮಬಾಗದಂಥ ಕಡೆ, ಫೌಂಡ್ರಿ, ಮಷಿನ್ ಶಾಪ್‌ಗಳ ನಡುವಿನ ಯಾವ ಆಫೀಸಿನಲ್ಲಾದರೂ ಈ ಮಾತು ನಡೆಯಬಹುದು:

"ಸರ್ರ, ಒಂಬತ್ತು ಲಕ್ಷ ನಲವತ್ನಾಲ್ಕು ಸಾವಿರ ಬಂದದ. ಯಾರ ಹೆಸರಿಗೆ ಹಾಕ್ಲಿ?"

"ಆ ಪುಣೆ ಪಾರ್ಟಿದು ಬಿಲ್ ಕೊಟ್ಟಿದ್ವಲ್ಲ ತಂಗಿ, ಅದಕ್ಕ ಹಾಕು."

ಮಾಲೀಕರು ಸುಳ್ಳು ಹೇಳಲಿಲ್ಲ. ಆ ಬಿಲ್ಲಿನ ಮೇಲೆಯೇ ಹಣ ಬಂದದ್ದು. ಬರೆದವಳೂ ತಪ್ಪು ಕೇಳಲಿಲ್ಲ. ಆದರೂ ಎಂಟ್ರಿ ತಪ್ಪಾಯಿತು.

ಒಂದು ಬಿಲ್ಲು, ಮೂರು ತಪ್ಪು

ಲೆಕ್ಕಕ್ಕಾಗಿ ಒಂದು ಉದಾಹರಣೆ ಇಟ್ಟುಕೊಳ್ಳೋಣ. 10,00,000 ರೂಪಾಯಿಯ ಮಾಲು, 18 ಪರ್ಸೆಂಟ್ ಜಿಎಸ್‌ಟಿ 1,80,000, ಒಟ್ಟು ಬಿಲ್ಲು 11,80,000. ಗಿರಾಕಿ ಕೊಡುವುದು 90 ದಿನಕ್ಕೆ. ಫ್ಯಾಕ್ಟರ್ ಕಂಪನಿ 80 ಪರ್ಸೆಂಟ್, ಅಂದರೆ 9,44,000 ಮೊದಲೇ ಕೊಡುತ್ತದೆ. 2,36,000 ಹಿಡಿದಿಟ್ಟುಕೊಳ್ಳುತ್ತದೆ. ಬಡ್ಡಿ ವರ್ಷಕ್ಕೆ 12 ಪರ್ಸೆಂಟ್, ಬಿಲ್ಲಿನ ಮೇಲೆ 1 ಪರ್ಸೆಂಟ್ ಸೇವಾ ಶುಲ್ಕ. ಗಿರಾಕಿ ಕೊಡದಿದ್ದರೆ ಮಾಲೀಕರೇ ಹೊಣೆ, ಅಂದರೆ ರಿಕೋರ್ಸ್ ಇದೆ.

ಮೊದಲ ತಪ್ಪು, ಮೇಲಿನ ಸಂಭಾಷಣೆಯದು. 9,44,000ಕ್ಕೆ ಗಿರಾಕಿಯ ಹೆಸರಿನಲ್ಲಿ ರಿಸೀಟ್ ವೋಚರ್ ಹಾಕುವುದು. ಆಗ ಗಿರಾಕಿ ಬಾಕಿ 2,36,000 ಮಾತ್ರ ಎಂದು ಕಂಪ್ಯೂಟರ್ ತೋರಿಸುತ್ತದೆ. ನಿಜದಲ್ಲಿ ಅವರು ಒಂದು ರೂಪಾಯಿಯನ್ನೂ ಕೊಟ್ಟಿಲ್ಲ. 90 ದಿನ ಕಳೆದರೂ ಅವರು ಫ್ಯಾಕ್ಟರ್‌ಗೆ ಹಣ ಕಟ್ಟದಿದ್ದರೆ, ಒಂದು ದಿನ ಫ್ಯಾಕ್ಟರ್ ಕಂಪನಿ 9,44,000ವನ್ನು ಬಡ್ಡಿ ಸಮೇತ ವಾಪಸ್ ಕೇಳುತ್ತದೆ. ಆಗ ಮಾಲೀಕರ ಪುಸ್ತಕದಲ್ಲಿ ಅಂಥ ಸಾಲವೇ ಇರುವುದಿಲ್ಲ. ಗಿರಾಕಿಯ ಬಿಲ್ಲೂ ಬಹುಪಾಲು 'ಚುಕ್ತಾ' ಆಗಿ ಕೂತಿರುತ್ತದೆ. ಬಾಕಿ ಪಟ್ಟಿಯಲ್ಲಿ ಹೆಸರು ಕೆಳಗೆ ಇಳಿದ ಮೇಲೆ ಅವರಿಗೆ ಫೋನು ಮಾಡಿ ಒತ್ತಾಯಿಸುವವರೂ ಇಲ್ಲ.

ಎರಡನೆಯದು ಸಸ್ಪೆನ್ಸ್ ಅಕೌಂಟ್. ಯಾವುದಕ್ಕೆ ಹಾಕಬೇಕೆಂದು ತಿಳಿಯದಿದ್ದಾಗ ಅಲ್ಲಿಗೆ ತಳ್ಳುವುದು. 'ಮಾರ್ಚ್‌ಗೆ ಆಡಿಟರ್ ಸಾಹೇಬ್ರು ನೋಡ್ಕೋತಾರೆ.' ಮಾರ್ಚ್ ಬರುವ ಹೊತ್ತಿಗೆ ಅಲ್ಲಿ ಇಪ್ಪತ್ತು ಮೊತ್ತಗಳು ಗುಡ್ಡೆಯಾಗಿರುತ್ತವೆ. ಯಾವುದು ಯಾವ ಬಿಲ್ಲಿನದು ಎಂದು ಬಿಡಿಸುವುದು ಗಂಟು ಬಿದ್ದ ನೂಲು ಬಿಡಿಸಿದಂತೆ.

ಮೂರನೆಯದು ಹೊರಗಿನಿಂದ ಚೊಕ್ಕಟವಾಗಿ ಕಾಣುತ್ತದೆ, ಒಳಗೆ ಹೆಚ್ಚು ಹಾನಿ ಮಾಡುತ್ತದೆ. ಎಲ್ಲ ಮುಗಿದ ಮೇಲೆ ಕೈಗೆ ಬಂದದ್ದಕ್ಕೂ ಬಿಲ್ಲಿಗೂ ಇರುವ ವ್ಯತ್ಯಾಸವನ್ನು 'ಡಿಸ್ಕೌಂಟ್' ಎಂದು ಗಿರಾಕಿ ಖಾತೆಯಲ್ಲಿ ಬರೆದು ಮುಗಿಸುವುದು. ಗಿರಾಕಿಗೆ ನಾವು ರಿಯಾಯಿತಿ ಕೊಟ್ಟೇ ಇಲ್ಲ. ಕೊಟ್ಟದ್ದು ಫೈನಾನ್ಸ್ ಕಂಪನಿಗೆ ಬಡ್ಡಿ ಮತ್ತು ಶುಲ್ಕ. ಈ ತಪ್ಪಿನಿಂದ ಏನು ಮುಚ್ಚಿಹೋಗುತ್ತದೆ ನೋಡಿ. 9,44,000ಕ್ಕೆ 12 ಪರ್ಸೆಂಟಿನಂತೆ 90 ದಿನದ ಬಡ್ಡಿ 27,932. ಸೇವಾ ಶುಲ್ಕ 11,800. ಒಟ್ಟು ಖರ್ಚು 39,732. ಶುಲ್ಕದ ಮೇಲಿನ ಜಿಎಸ್‌ಟಿ 2,124 ಬೇರೆ. ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ತೆಗೆದುಕೊಳ್ಳಬಹುದಾಗಿತ್ತು, 'ಡಿಸ್ಕೌಂಟ್' ಎಂದು ಬರೆದರೆ ಅದೂ ಕೈಬಿಡುತ್ತದೆ.

ಈ ಮಾಲಿನಲ್ಲಿ ನೂರಕ್ಕೆ ಆರು ರೂಪಾಯಿ ಲಾಭ ಇತ್ತೆಂದುಕೊಳ್ಳಿ. 10 ಲಕ್ಷಕ್ಕೆ 60,000. ಅದರಲ್ಲಿ 39,732 ಕಾಯುವುದಕ್ಕೇ ಹೋಯಿತು. ಉಳಿದದ್ದು 20,268. ಇನ್ನೊಂದು ಲೆಕ್ಕ: 9,44,000 ರೂಪಾಯಿಯನ್ನು 90 ದಿನ ಬಳಸಿದ್ದಕ್ಕೆ 39,732 ಕೊಟ್ಟರೆ ಅದು ವರ್ಷದ ಲೆಕ್ಕದಲ್ಲಿ ಸುಮಾರು 17 ಪರ್ಸೆಂಟ್ ಆಗುತ್ತದೆ. ಮಾಲೀಕರ ಮನಸ್ಸಿನಲ್ಲಿರುವುದು 12. ಶುಲ್ಕವನ್ನು ಬೇರೆ ಖಾತೆಯಲ್ಲಿ ಬರೆಯದಿದ್ದರೆ ಈ ಐದು ಪರ್ಸೆಂಟ್ ಯಾರ ಕಣ್ಣಿಗೂ ಬೀಳುವುದಿಲ್ಲ. ಮುಂದಿನ ಆರ್ಡರಿಗೆ ದರ ಹೇಳುವಾಗ '90 ದಿನವಾದರೆ ಈ ದರ, 30 ದಿನವಾದರೆ ಆ ದರ' ಎಂದು ಚೌಕಾಸಿ ಮಾಡಲು ಬೇಕಾದ ಅಂಕಿಯೂ ಇದೇ.

ಹಾಗಾದರೆ ಬರೆಯುವುದು ಹೇಗೆ

ಟ್ಯಾಲಿ ಇರಲಿ, ಬಿಸಿ ಇರಲಿ, ಝೋಹೊ ಬುಕ್ಸ್ ಇರಲಿ, ತತ್ವ ಒಂದೇ. ನಮ್ಮ ಕಡೆ ಹೆಚ್ಚು ಕಾಣುವುದು ಟ್ಯಾಲಿ, ಅದರ ಮಾತಿನಲ್ಲೇ ಹೇಳುತ್ತೇವೆ. ಸೇಲ್ಸ್, ಪರ್ಚೇಸ್, ರಿಸೀಟ್, ಪೇಮೆಂಟ್, ಜರ್ನಲ್ ಎಂದು ತಾನಾಗಿ ಬರುವ ವೋಚರ್‌ಗಳಲ್ಲಿ ಫ್ಯಾಕ್ಟರಿಂಗ್ ಎಂಬುದು ಇಲ್ಲ. ಇರುವುದರಲ್ಲೇ ಕೂಡಿಸಿಕೊಳ್ಳಬೇಕು.

ಬಿಲ್ಲು ಹಾಕಿದ ದಿನ ಎಂದಿನಂತೆ ಸೇಲ್ಸ್ ವೋಚರ್. ಗಿರಾಕಿ 11,80,000 ಕೊಡಬೇಕು, ಮಾರಾಟ 10,00,000, ಜಿಎಸ್‌ಟಿ 1,80,000. ಇಲ್ಲಿ ಬದಲಾವಣೆ ಇಲ್ಲ. ಹಣ ಯಾವಾಗ ಬರಲಿ, ಯಾರಿಂದ ಬರಲಿ, ಮಾರಾಟ ಆದದ್ದು ಇವತ್ತು. ಜಿಎಸ್‌ಟಿ ಕಟ್ಟಬೇಕಾದದ್ದೂ ಈ ಬಿಲ್ಲಿನ ಲೆಕ್ಕದಲ್ಲೇ. ಫ್ಯಾಕ್ಟರ್‌ನಿಂದ ಬಂದದ್ದನ್ನು ಮತ್ತೆ ಸೇಲ್ಸ್‌ಗೆ ಹಾಕಿದರೆ ವಹಿವಾಟು ಎರಡು ಸಲ ಎಣಿಸಿದಂತಾಗಿ ಜಿಎಸ್‌ಟಿ ರಿಟರ್ನಿಗೂ ಪುಸ್ತಕಕ್ಕೂ ತಾಳೆಯಾಗುವುದಿಲ್ಲ.

ಬಿಲ್ಲನ್ನು ಫ್ಯಾಕ್ಟರ್‌ಗೆ ಕೊಟ್ಟ ದಿನ ಎರಡು ಕೆಲಸ. ಸಂಡ್ರಿ ಡೆಟರ್ಸ್ ಅಡಿಯಲ್ಲಿ 'ಫ್ಯಾಕ್ಟರ್‌ಗೆ ಕೊಟ್ಟ ಬಿಲ್ಲುಗಳು' ಎಂದು ಒಂದು ಉಪಗುಂಪು ಮಾಡಿ, ಅದರಲ್ಲಿ ಅದೇ ಗಿರಾಕಿಯ ಇನ್ನೊಂದು ಲೆಡ್ಜರ್ ತೆರೆದು, ಜರ್ನಲ್ ಮೂಲಕ 11,80,000ವನ್ನು ಅಲ್ಲಿಗೆ ಸರಿಸಬೇಕು, ಬಿಲ್ ನಂಬರ್ ಸಮೇತ. ಎರಡನೆಯದು, ಸಾಲದ ಗುಂಪಿನಲ್ಲಿ ಫ್ಯಾಕ್ಟರ್ ಕಂಪನಿಯ ಹೆಸರಿನಲ್ಲಿ ಲೆಡ್ಜರ್ ತೆರೆದು, ಬ್ಯಾಂಕಿಗೆ ಬಂದ 9,44,000ವನ್ನು ಅದಕ್ಕೆ ಜಮಾ ಮಾಡಬೇಕು. ಈಗ ಪುಸ್ತಕ ನಿಜ ಹೇಳುತ್ತದೆ: ಗಿರಾಕಿ ಪೂರ್ತಿ ಕೊಡಬೇಕು, ನಾವು ಫ್ಯಾಕ್ಟರ್‌ಗೆ 9,44,000 ಕೊಡಬೇಕು.

90ನೇ ದಿನ ಗಿರಾಕಿ ಫ್ಯಾಕ್ಟರ್‌ಗೆ 11,80,000 ಕಟ್ಟಿದಾಗ ಮತ್ತೆ ಜರ್ನಲ್. ಫ್ಯಾಕ್ಟರ್ ಖಾತೆಗೆ ಖರ್ಚು, ಗಿರಾಕಿ ಖಾತೆಗೆ ಜಮಾ. ಗಿರಾಕಿ ಬಿಲ್ಲು ಚುಕ್ತಾ. ಫ್ಯಾಕ್ಟರ್ ಖಾತೆಯಲ್ಲಿ ಈಗ ಅವರೇ ನಮಗೆ 2,36,000 ಕೊಡಬೇಕು. ಅದರಿಂದ ಬಡ್ಡಿ 27,932, ಶುಲ್ಕ 11,800, ಜಿಎಸ್‌ಟಿ 2,124 ಕಳೆಯಬೇಕು. ಪ್ರತಿಯೊಂದಕ್ಕೂ ಬೇರೆ ಬೇರೆ ಖಾತೆ. ಉಳಿದ 1,94,144 ಬ್ಯಾಂಕಿಗೆ ಬಂದ ದಿನ ಫ್ಯಾಕ್ಟರ್ ಖಾತೆ ಸೊನ್ನೆಯಾಗುತ್ತದೆ. ಆ ಸೊನ್ನೆಯೇ ಪರೀಕ್ಷೆ. ಸೊನ್ನೆ ಬರದಿದ್ದರೆ ಎಲ್ಲೋ ಏನೋ ಮುರಿದುಕೊಂಡಿದ್ದಾರೆ, ಕೇಳಿ. ನಡುವೆ ಮಾರ್ಚ್ 31 ಬಂದರೆ ಅಲ್ಲಿಯವರೆಗಿನ ಬಡ್ಡಿಯನ್ನು ಆ ವರ್ಷಕ್ಕೇ ಬರೆಯಬೇಕು.

ರಿಕೋರ್ಸ್ ಇಲ್ಲದಿದ್ದರೆ ಇನ್ನೂ ಸರಳ. ಬಿಲ್ಲು ಮಾರಿಯಾಯಿತು, ಆದ್ದರಿಂದ ಗಿರಾಕಿ ಅಂದೇ ಪುಸ್ತಕದಿಂದ ಹೊರಗೆ. ಫ್ಯಾಕ್ಟರ್ ಹಿಡಿದಿಟ್ಟುಕೊಂಡದ್ದೇನಾದರೂ ಇದ್ದರೆ ಅದು ಫ್ಯಾಕ್ಟರ್‌ನಿಂದ ಬರಬೇಕಾದ ಬಾಕಿ, ಮುರಿದುಕೊಂಡದ್ದು ಖರ್ಚು. ಸಾಲದ ಸಾಲಿನಲ್ಲಿ ಏನೂ ಇಲ್ಲ. ಟ್ರೆಡ್ಸ್ ಹಣವನ್ನು ಹೀಗೆ ಬರೆಯಬೇಕು.

ಬಿಲ್ಲು ಡಿಸ್ಕೌಂಟ್ ಮಾಡಿದಾಗ ಗಿರಾಕಿಯನ್ನು ತೆಗೆದುಹಾಕಿ, ವಾಪಸ್ ಬಂದೀತೆಂಬ ಹೊಣೆಯನ್ನು ಬ್ಯಾಲೆನ್ಸ್ ಶೀಟಿನ ಅಡಿಟಿಪ್ಪಣಿಯಲ್ಲಿ ಬರೆಯುವ ಹಳೆಯ ರೂಢಿಯೂ ಇದೆ. ಆಡಿಟರ್ ಹಾಗೆ ಹೇಳಿದರೆ ಅವರೊಂದಿಗೆ ಕೂತು ಮಾತಾಡಿ. ನಾವು ಹೇಳುವುದಿಷ್ಟು: ಅಡಿಟಿಪ್ಪಣಿ ವರ್ಷಕ್ಕೊಮ್ಮೆ ಕಾಣುತ್ತದೆ, ಸಾಲದ ಲೆಡ್ಜರ್ ದಿನವೂ ಕಾಣುತ್ತದೆ. ಮಾಲೀಕರಿಗೆ ಬೇಕಾದದ್ದು ದಿನವೂ ಕಾಣುವ ಲೆಕ್ಕ.

ಒಂದೇ ಬಿಲ್ಲಿಗೆ ಎರಡು ಸಾಲ

ಬಿಲ್ಲನ್ನು ಉಪಗುಂಪಿಗೆ ಸರಿಸುವ ತೊಂದರೆ ಯಾಕೆ ಎಂದು ಲೆಕ್ಕ ಬರೆಯುವವರು ಕೇಳುತ್ತಾರೆ. ಇಲ್ಲಿದೆ ಉತ್ತರ, ಇಡೀ ವಿಷಯದಲ್ಲಿ ಹೆಚ್ಚು ಅಪಾಯದ ಜಾಗವೂ ಇದೇ.

ಹಲವು ಘಟಕಗಳಿಗೆ ಬ್ಯಾಂಕಿನಲ್ಲಿ ಸಿಸಿ, ಅಂದರೆ ಕ್ಯಾಶ್ ಕ್ರೆಡಿಟ್ ಇರುತ್ತದೆ. ಪ್ರತಿ ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು. ಗೋದಾಮಿನಲ್ಲಿ ಎಷ್ಟು ಮಾಲಿದೆ, ಗಿರಾಕಿಗಳಿಂದ ಎಷ್ಟು ಬರಬೇಕು ಎಂಬ ಪಟ್ಟಿ. ಅದನ್ನು ನೋಡಿ ಬ್ಯಾಂಕು ಎಷ್ಟು ಹಣ ಎತ್ತಬಹುದೆಂದು ನಿಗದಿ ಮಾಡುತ್ತದೆ. ಈ ಪಟ್ಟಿಯನ್ನು ಟ್ಯಾಲಿಯಿಂದ ನೇರವಾಗಿ ಪ್ರಿಂಟ್ ತೆಗೆಯುತ್ತಾರೆ. ಫ್ಯಾಕ್ಟರ್‌ಗೆ ಕೊಟ್ಟ 11,80,000ದ ಬಿಲ್ಲೂ ಉಳಿದ ಗಿರಾಕಿಗಳ ಜೊತೆಗೇ ಕೂತಿದ್ದರೆ ಅದೂ ಪಟ್ಟಿಯಲ್ಲಿ ಬರುತ್ತದೆ. ಬ್ಯಾಂಕು ರೂಪಾಯಿಗೆ 60 ಪೈಸೆಯಂತೆ ಲೆಕ್ಕ ಹಾಕುತ್ತದೆ ಎಂದುಕೊಂಡರೆ ಅದರ ಮೇಲೆ 7,08,000 ಎತ್ತಬಹುದು. ಫ್ಯಾಕ್ಟರ್ ಕೊಟ್ಟದ್ದು 9,44,000. ಸೇರಿಸಿದರೆ 16,52,000. ಬಿಲ್ಲು ಇರುವುದೇ 11,80,000ಕ್ಕೆ. ಒಂದು ಎಮ್ಮೆಯನ್ನು ಇಬ್ಬರಿಗೆ ಒತ್ತೆ ಇಟ್ಟಂತೆ.

ಮಾಲೀಕರು ಬೇಕೆಂದು ಮಾಡಿದ್ದಲ್ಲ, ಪ್ರಿಂಟ್ ಬಟನ್ ಮಾಡಿದ್ದು. ಆದರೆ ಬ್ಯಾಂಕಿನ ಕಣ್ಣಿಗೆ ಅದು ಸುಳ್ಳು ಸ್ಟೇಟ್‌ಮೆಂಟ್. ಬ್ಯಾಂಕಿಗೆ ತಿಳಿಯುವುದಿಲ್ಲ ಎನ್ನುವಂತೆಯೂ ಇಲ್ಲ. ಫ್ಯಾಕ್ಟರಿಂಗ್ ಕಾಯ್ದೆಯಂತೆ ಬಿಲ್ಲಿನ ಹಕ್ಕು ವರ್ಗಾವಣೆಯನ್ನು ಕೇಂದ್ರ ರಿಜಿಸ್ಟ್ರಿಯಲ್ಲಿ ದಾಖಲಿಸಬೇಕು. 2021ರ ತಿದ್ದುಪಡಿ ಟ್ರೆಡ್ಸ್ ವೇದಿಕೆಗಳಿಗೂ ಆ ದಾಖಲೆ ಸಲ್ಲಿಸುವ ಕೆಲಸ ಕೊಟ್ಟಿದೆ. ಸಿಸಿ ಕೊಟ್ಟ ಬ್ಯಾಂಕಿನ ಕರಾರಿನಲ್ಲಿ ಎಲ್ಲ ಗಿರಾಕಿ ಬಾಕಿಗಳ ಮೇಲೂ ಹಕ್ಕು ತಮ್ಮದೇ ಎಂದು ಬರೆದಿದ್ದರೆ, ಫ್ಯಾಕ್ಟರಿಂಗ್‌ಗೆ ಮುಂಚೆ ಆ ಬ್ಯಾಂಕಿನ ಒಪ್ಪಿಗೆ ಪತ್ರ ಬೇಕು. ಉಪಗುಂಪು ಇದ್ದರೆ ಆ ಬಿಲ್ಲುಗಳನ್ನು ಸ್ಟೇಟ್‌ಮೆಂಟಿನಿಂದ ಬಿಡುವುದು ಎರಡು ನಿಮಿಷದ ಕೆಲಸ.

ವಿರುದ್ಧ ವಾದಗಳು

'ಕೊನೆಗೆ ಎಲ್ಲ ಸರಿಹೋಗುತ್ತಲ್ಲ' ಎಂಬುದು ಮೊದಲ ವಾದ. ಗಿರಾಕಿ ಸಮಯಕ್ಕೆ ಕೊಟ್ಟರೆ ಹೌದು, ವರ್ಷದ ಕೊನೆಗೆ ಒಟ್ಟು ಲಾಭದ ಅಂಕಿ ಹೆಚ್ಚು ಕಡಿಮೆ ಅದೇ ಬರಬಹುದು. ಆದರೆ ಲೆಕ್ಕ ಇರುವುದು ಎಲ್ಲ ಸರಿ ನಡೆದ ದಿನಕ್ಕಲ್ಲ. ಗಿರಾಕಿ ಕೈಕೊಟ್ಟ ದಿನ, ಯಾರಿಗೆ ಎಷ್ಟು ಕೊಡಬೇಕು ಎಂದು ಹೇಳುವುದಕ್ಕೆ ಇರುವುದು.

'ಸಾಲ ಎಂದು ತೋರಿಸಿದರೆ ಬ್ಯಾಂಕು ಲಿಮಿಟ್ ಕಡಿಮೆ ಮಾಡುತ್ತದೆ' ಎಂಬುದು ಎರಡನೆಯದು. ಈ ಭಯ ಸುಳ್ಳಲ್ಲ, ಅದನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಬಚ್ಚಿಟ್ಟ ಸಾಲದ ಮೇಲೆ ಸಿಕ್ಕ ಲಿಮಿಟ್ ನಿಲ್ಲುವುದು ಗಿರಾಕಿ ಹಣ ಕೊಡುವವರೆಗೆ ಮಾತ್ರ. ದೊಡ್ಡವರ ಮನೆಯಲ್ಲೂ ಇದೇ ಆಗಿದೆ. ಬ್ರಿಟನ್ನಿನ ಕಟ್ಟಡ ಕಂಪನಿ ಕ್ಯಾರಿಲಿಯನ್ 2018ರ ಜನವರಿಯಲ್ಲಿ ಬಿದ್ದುಹೋಯಿತು. ಅಲ್ಲಿ ವ್ಯವಹಾರ ತಿರುಗುಮುರುಗು: ಮಾಲು ಕೊಟ್ಟವರಿಗೆ ಬ್ಯಾಂಕುಗಳು ಮೊದಲೇ ಹಣ ಕೊಡುತ್ತಿದ್ದವು, ಕಂಪನಿ ಆಮೇಲೆ ಬ್ಯಾಂಕಿಗೆ ತೀರಿಸಬೇಕಿತ್ತು. ಆ ಬಾಕಿಯನ್ನು ಸಾಲದ ಸಾಲಿನಲ್ಲಿ ತೋರಿಸದೆ 'ಇತರೆ ಬಾಕಿ'ಗಳಲ್ಲಿ ಸೇರಿಸಿದ್ದು ಮುಂದೆ ದೊಡ್ಡ ಟೀಕೆಗೆ ಗುರಿಯಾಯಿತು. ಇಂಥ ವ್ಯವಸ್ಥೆಗಳನ್ನು ಬಿಡಿಸಿ ತೋರಿಸಬೇಕೆಂದು ಅಂತರರಾಷ್ಟ್ರೀಯ ಲೆಕ್ಕಪತ್ರ ಮಂಡಳಿ 2023ರ ಮೇ ತಿಂಗಳಲ್ಲಿ ನಿಯಮ ಬದಲಿಸಿತು. ಅಂಥ ಕಂಪನಿಯ ಪುಸ್ತಕದಲ್ಲೇ ಸಾಲ ಬೇರೆ ಹೆಸರಿನಲ್ಲಿ ಕೂತಿತ್ತೆಂದರೆ, ನಮ್ಮ ಶೆಡ್ಡಿನ ಕಂಪ್ಯೂಟರಿನಲ್ಲಿ ಕೂರುವುದು ಎಷ್ಟು ಸುಲಭ!

ಮೂರನೆಯ ವಾದ, 'ಇಷ್ಟೆಲ್ಲ ಬರೆಯಲು ಜನ ಎಲ್ಲಿ?' ಇದು ನಿಜವಾದ ಕಷ್ಟ. ಒಬ್ಬರೇ ನಾಲ್ಕೈದು ಘಟಕಗಳ ಲೆಕ್ಕ ಬರೆಯುತ್ತಾರೆ, ವಾರಕ್ಕೊಂದು ದಿನ ಒಂದೊಂದು ಕಡೆ. ಬಿ.ಕಾಂ ಮುಗಿಸಿ ಮೂರು ತಿಂಗಳ ಟ್ಯಾಲಿ ಕೋರ್ಸ್ ಮಾಡಿದ ಆ ಹುಡುಗಿ ಅಥವಾ ಹುಡುಗನ ಮೇಲೆ ತಪ್ಪು ಹೊರಿಸುವುದು ಸುಲಭ, ನ್ಯಾಯವಲ್ಲ. ಕರಾರಿನ ಪ್ರತಿಯನ್ನೇ ತೋರಿಸದೆ ಸರಿಯಾದ ಎಂಟ್ರಿ ಕೇಳುವುದು, ಕಣ್ಣು ಕಟ್ಟಿ ಸೂಜಿಗೆ ದಾರ ಪೋಣಿಸು ಎಂದಂತೆ.

ಯಾರು ಏನು ಮಾಡಬೇಕು

ಟ್ಯಾಲಿ ಬೆಂಗಳೂರಿನ ಕಂಪನಿ. 1986ರಲ್ಲಿ ಶುರುವಾದದ್ದು, ಅದನ್ನು ಕಟ್ಟಿದ ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಜಿಎಸ್‌ಟಿ ಬಂದಾಗ ಲೆಕ್ಕದ ಸಾಫ್ಟ್‌ವೇರ್‌ಗಳೆಲ್ಲ ಹೊಸ ತೆರಿಗೆಗೆ ಹೊಂದಿಕೊಂಡವು. ಎಂಟ್ರಿ ತಿದ್ದಿದರೆ ಗುರುತು ಉಳಿಯಬೇಕೆಂದು 2023ರ ಏಪ್ರಿಲ್‌ನಿಂದ ಕಂಪನಿಗಳಿಗೆ ನಿಯಮ ಬಂದಾಗ ಅದಕ್ಕೂ ವ್ಯವಸ್ಥೆ ಆಯಿತು. ಆದರೆ ನಮ್ಮ ಕಡೆಯ ಅನೇಕ ಘಟಕಗಳು ಒಬ್ಬರ ಒಡೆತನದವು ಅಥವಾ ಪಾಲುದಾರಿಕೆಯವು. ಅವಕ್ಕೆ ಆ ನಿಯಮವೂ ಅನ್ವಯಿಸುವುದಿಲ್ಲ. ಇನ್ನೊಂದು ಸಣ್ಣ ಕೆಲಸ ಸಾಕು: ಗಿರಾಕಿ ಹೆಸರಿನಲ್ಲಿ ರಿಸೀಟ್ ಹಾಕುವಾಗ 'ಹಣ ಗಿರಾಕಿಯಿಂದಲೇ ಬಂತೋ, ಬಿಲ್ಲಿನ ಮೇಲೆ ಬೇರೆಯವರು ಕೊಟ್ಟರೋ?' ಎಂದು ಕೇಳುವ ಒಂದು ಆಯ್ಕೆ.

ಫ್ಯಾಕ್ಟರಿಂಗ್ ಕಂಪನಿಗಳು ಹಣ ಕಳಿಸುವಾಗ ಜೊತೆಗೆ ಒಂದು ಪುಟ ಕಳಿಸಲಿ, ಕನ್ನಡದಲ್ಲಿ. ಬಿಲ್ ನಂಬರ್, ಕೊಟ್ಟ ಮೊತ್ತ, ಹಿಡಿದಿಟ್ಟ ಮೊತ್ತ, ಬಡ್ಡಿ, ಶುಲ್ಕ, ಗಿರಾಕಿ ಕೊಡದಿದ್ದರೆ ಹೊಣೆ ಯಾರದು. ಆರು ಸಾಲು. ಇದು ಮಾಲೀಕರಿಗೂ ಲೆಕ್ಕ ಬರೆಯುವವರಿಗೂ ಒಂದೇ ಸಲ ತಲುಪಿದರೆ ಅರ್ಧ ಸಮಸ್ಯೆ ಮುಗಿಯಿತು.

ಜಿಲ್ಲಾ ಕೈಗಾರಿಕಾ ಕೇಂದ್ರಗಳು ನಡೆಸುವ ಕಾರ್ಯಾಗಾರಗಳಿಗೆ ಮಾಲೀಕರನ್ನು ಕರೆಯುತ್ತಾರೆ. ಮುಂದಿನ ಸಲ ಲೆಕ್ಕ ಬರೆಯುವವರನ್ನೂ ಕರೆಯಲಿ, ಮುಂದಿನ ಸಾಲಿನಲ್ಲಿ ಕೂರಿಸಲಿ. ನಮ್ಮ ಬಿ.ಕಾಂ ಕಾಲೇಜುಗಳು ವಿನಿಮಯ ಬಿಲ್ಲಿನ ಪಾಠದ ಜೊತೆಗೆ ಇವತ್ತಿನ ಒಂದು ಫ್ಯಾಕ್ಟರಿಂಗ್ ಬಿಲ್ಲನ್ನೂ ಬರೆಸಲಿ.

ಮಾಲೀಕರಿಗೆ ನಮ್ಮ ಮಾತು ಇಷ್ಟೇ. ಈ ವಾರ ಲೆಕ್ಕ ಬರೆಯುವವರು ಬಂದ ದಿನ ಕಪಾಟಿನಿಂದ ಆ ಕರಾರು ಪತ್ರ ತೆಗೆದು ಅವರ ಕೈಗೆ ಕೊಡಿ. ಆಮೇಲೆ ಮೂರು ಪ್ರಶ್ನೆ ಕೇಳಿ. ಫ್ಯಾಕ್ಟರ್‌ಗೆ ಕೊಟ್ಟ ಬಿಲ್ಲುಗಳು ಒಟ್ಟು ಎಷ್ಟು? ಅವುಗಳಲ್ಲಿ ಗಿರಾಕಿ ಕೊಡದಿದ್ದರೆ ನಾನು ವಾಪಸ್ ಕಟ್ಟಬೇಕಾದದ್ದು ಎಷ್ಟು? ಕಳೆದ ತಿಂಗಳು ಬ್ಯಾಂಕಿಗೆ ಕೊಟ್ಟ ಪಟ್ಟಿಯಲ್ಲಿ ಆ ಬಿಲ್ಲುಗಳು ಇದ್ದವೇ? ಮೂರಕ್ಕೂ ಐದು ನಿಮಿಷದಲ್ಲಿ ಕಂಪ್ಯೂಟರ್ ನೋಡಿ ಉತ್ತರ ಹೇಳಿದರೆ ನಿಮ್ಮ ಲೆಕ್ಕ ಸರಿ ಇದೆ. ಹೇಳಲಾಗದಿದ್ದರೆ ಅವರನ್ನು ಬೈಯಬೇಡಿ. ಒಂದು ಚಹಾ ತರಿಸಿ, ಇಬ್ಬರೂ ಕೂತು ಹಳೆಯ ಎಂಟ್ರಿಗಳನ್ನು ಒಂದೊಂದಾಗಿ ಬಿಡಿಸಿ. ಮುಂದಿನ ಬಿಲ್ಲನ್ನು ಫ್ಯಾಕ್ಟರ್‌ಗೆ ಕಳಿಸುವುದು ಅದಾದ ಮೇಲೆ.